ಕೇಬಲ್ ಮುಟ್ಟದ ಪ್ಯಾಕೆಟ್‌ಗಳು: ಮಂಡ್ಯದ ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ 2 ಸೆಕೆಂಡ್ ಹುಡುಕಿದ ಕಥೆ

ನನ್ನ ಗೆಳೆಯನ ವೇಬ್ರಿಡ್ಜ್ ಮಂಡ್ಯ ಊರು ದಾಟಿ ಮೇಲುಕೋಟೆ ಕಡೆ ಹೋಗುವ ದಾರಿಯಲ್ಲಿದೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಅಲ್ಲಿ ಬೆಳಿಗ್ಗೆಯಿಂದಲೇ ಟ್ರ್ಯಾಕ್ಟರ್‌ಗಳು ಸಾಲು ನಿಲ್ಲುತ್ತವೆ. ಆಲೆಮನೆಗೆ ಹೋಗುವವರು ಒಂದಷ್ಟು ಜನ, ಕಾರ್ಖಾನೆಗೆ ಹೋಗುವ ಮೊದಲು ನಮ್ಮ ತೂಕ ನಾವೇ ಒಂದ್ಸಲ ನೋಡಿಕೊಳ್ಳೋಣ ಅಂತ ಬರುವವರು ಇನ್ನೊಂದಷ್ಟು ಜನ. ಒಂದು ಲೋಡ್‌ಗೆ ಎರಡು ಸಲ ತೂಕ. ತುಂಬಿದ ಗಾಡಿ ಒಮ್ಮೆ, ಖಾಲಿ ಗಾಡಿ ಇನ್ನೊಮ್ಮೆ. ಎರಡನ್ನೂ ಕಳೆದರೆ ಕಬ್ಬಿನ ತೂಕ.

ಹೋದ ಸೀಸನ್‌ನಲ್ಲಿ ಅವನು ಫೋನ್ ಮಾಡಿ ಹೇಳಿದ್ದು ಇಷ್ಟೇ: ಕಂಪ್ಯೂಟರಿನಲ್ಲಿ ‘ತೂಕ ತಗೋ’ ಬಟನ್ ಒತ್ತಿದರೆ ಪರದೆ ಒಂದು ಕ್ಷಣ ಹಾಗೇ ನಿಂತುಬಿಡುತ್ತದೆ, ಆಮೇಲೆ ತೂಕ ಬರುತ್ತದೆ. ಕೇಳೋಕೆ ಸಣ್ಣ ವಿಷಯ. ಆದರೆ ಬಟನ್ ಒತ್ತುವ ಹುಡುಗ ಏನೂ ಆಗಲಿಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತುತ್ತಾನೆ. ಎರಡು ಚೀಟಿ ಪ್ರಿಂಟ್ ಆಗುತ್ತವೆ. ಎರಡಕ್ಕೂ ಬೇರೆ ಬೇರೆ ನಂಬರ್. ಗಾಡಿ ಸ್ವಲ್ಪ ಅಲುಗಾಡಿದ್ದರೆ ಎರಡರ ನಡುವೆ 10 ಕೆಜಿ ವ್ಯತ್ಯಾಸ ಬೇರೆ. ವರ್ಷವಿಡೀ ಬೆಳೆದ ಕಬ್ಬನ್ನು ತಂದ ರೈತನ ಕೈಗೆ ಎರಡು ಥರದ ಚೀಟಿ ಕೊಟ್ಟರೆ ಅವನಿಗೆ ಅನುಮಾನ ಬರುವುದು ಸಹಜ, ಅಲ್ವಾ? ತೂಕದ ವ್ಯವಹಾರ ನಿಂತಿರುವುದೇ ನಂಬಿಕೆ ಮೇಲೆ. ಹಾಗಾಗಿ ಇದನ್ನು ಸುಮ್ನೆ ಬಿಡೋ ಹಾಗಿರಲಿಲ್ಲ.

ಭಾನುವಾರ ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಹೋದೆ. ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಸಾಟಾ ಅಡಾಪ್ಟರ್, ಎರಡು ಕೇಬಲ್ ಬ್ಯಾಗಿನಲ್ಲಿದ್ದವು.

ಮೊದಲು ಅಲ್ಲಿನ ಜೋಡಣೆ ಹೇಳಿಬಿಡುತ್ತೇನೆ. ವೇಬ್ರಿಡ್ಜ್ ಕೆಳಗಿನ, ಭಾರ ಅಳೆಯುವ ಲೋಡ್ ಸೆಲ್‌ಗಳ ವೈರ್ ಒಳಗೆ ಬಂದು ಒಂದು ಇಂಡಿಕೇಟರ್ ಪೆಟ್ಟಿಗೆಗೆ ಸೇರುತ್ತದೆ. ಕೆಂಪು ಅಂಕಿ ಕಾಣಿಸುತ್ತದಲ್ಲ, ಅದೇ ಪೆಟ್ಟಿಗೆ. ಅದರ ಹಿಂದಿನಿಂದ ಆರ್‌ಎಸ್-232 ಸೀರಿಯಲ್ ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಮ್ ಇವೆ. ಒಂದು ಹಿನ್ನೆಲೆಯಲ್ಲಿ ಓಡುವ ಸಣ್ಣ ಸರ್ವಿಸ್. ಸೀರಿಯಲ್ ಪೋರ್ಟ್‌ನಿಂದ ತೂಕ ಓದುತ್ತಾ ಇರುವುದು, ಯಾರಾದರೂ ಟಿಸಿಪಿ ಪೋರ್ಟ್ 5020ಕ್ಕೆ, ಅಂದರೆ ನೆಟ್‌ವರ್ಕ್ ಮಾತಿಗೆ ಇಟ್ಟ ಆ ನಂಬರಿನ ಬಾಗಿಲಿಗೆ, ಬಂದು ಕೇಳಿದರೆ ಹೇಳುವುದು, ಇಷ್ಟೇ ಅದರ ಕೆಲಸ. ಇನ್ನೊಂದು ಬಿಲ್ಲಿಂಗ್ ಪ್ರೋಗ್ರಾಮ್. ಬಟನ್ ಒತ್ತಿದಾಗಲೆಲ್ಲ ಅದು ಹೊಸದಾಗಿ ಸರ್ವಿಸ್‌ಗೆ ಕನೆಕ್ಟ್ ಆಗಿ, ತೂಕ ಕೇಳಿ, ಕನೆಕ್ಷನ್ ಮುಚ್ಚುತ್ತದೆ. ಎರಡೂ ಇರುವುದು ಒಂದೇ ಯಂತ್ರದೊಳಗೆ. ಹಾಗಿದ್ದ ಮೇಲೆ ನೆಟ್‌ವರ್ಕ್ ಮಾತು ಯಾಕೆ ಅಂತ ಕೇಳಬಹುದು. ಮುಂದೆ ಯಾವತ್ತಾದರೂ ಪಕ್ಕದ ಕೋಣೆಯ ಕಂಪ್ಯೂಟರಿನಿಂದಲೂ ತೂಕ ನೋಡಬಹುದಲ್ಲ ಅಂತ ಇಂಥ ಪ್ರೋಗ್ರಾಮ್‌ಗಳನ್ನು ಹೀಗೇ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ.

ನಾನು ಹೋಗುವ ಮೊದಲೇ ಗೆಳೆಯ ಸಾಕಷ್ಟು ಖರ್ಚು ಮಾಡಿದ್ದ. ಸೀರಿಯಲ್ ಕೇಬಲ್ ಬದಲಾಯಿಸಿದ್ದ, ಯುಎಸ್‌ಬಿ ಕನ್ವರ್ಟರ್ ಹೊಸದು ತಂದಿದ್ದ, ರ‍್ಯಾಮ್ ಜಾಸ್ತಿ ಹಾಕಿಸಿದ್ದ, ಆಂಟಿವೈರಸ್ ತೆಗೆದು ನೋಡಿದ್ದ. ಏನೂ ಬದಲಾಗಿರಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಮೊಬೈಲ್‌ನಲ್ಲಿ ವಿಡಿಯೋ ತೆಗೆದದ್ದು. ಮೌಸ್ ಮತ್ತು ಪರದೆ ಎರಡೂ ಕಾಣುವ ಹಾಗೆ ಫೋನ್ ಇಟ್ಟು ಹತ್ತು ಸಲ ಬಟನ್ ಒತ್ತಿದೆವು. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆ. ಹತ್ತಕ್ಕೆ ಹತ್ತು ಸಲವೂ 2 ಸೆಕೆಂಡ್ ಮತ್ತು ಒಂದು ಚೂರು. ಒಂದು ಸಲವೂ ಒಂದೂವರೆ ಇಲ್ಲ, ಮೂರೂ ಇಲ್ಲ.

ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕೇಬಲ್ ಕೆಟ್ಟಿದ್ದರೆ, ಡಿಸ್ಕ್ ನಿಧಾನ ಆಗಿದ್ದರೆ, ಸಮಯ ಒಮ್ಮೆ ಒಂದು ಥರ ಬರುತ್ತದೆ, ಇನ್ನೊಮ್ಮೆ ಇನ್ನೊಂದು ಥರ. ಪ್ರತಿ ಸಲ ಅಳತೆ ಹಾಕಿದ ಹಾಗೆ ಅಷ್ಟೇ ತಡ ಆಗುತ್ತಿದೆ ಅಂದರೆ ಒಳಗೆ ಯಾರೋ ಗಡಿಯಾರ ನೋಡಿಕೊಂಡು ಕಾಯುತ್ತಿದ್ದಾರೆ ಅಂತ ಅರ್ಥ. ಯಾವುದೋ ಟೈಮ್‌ಔಟ್. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ತಿಳಿಯಬೇಕಾದರೆ ಇಬ್ಬರ ಮಾತನ್ನೂ ಕೇಳಬೇಕು. ಪ್ರೋಗ್ರಾಮ್‌ಗಳು ನೆಟ್‌ವರ್ಕ್‌ನಲ್ಲಿ ಮಾತನ್ನು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ ಕಳಿಸುತ್ತವೆ. ಅವನ್ನು ಹಿಡಿದು ನೋಡುವುದೇ ಪ್ಯಾಕೆಟ್ ಕ್ಯಾಪ್ಚರ್.

ಆ ಕಂಪ್ಯೂಟರಿನಲ್ಲಿ ಪ್ಯಾಕೆಟ್ ತೋರಿಸುವ ಪ್ರೋಗ್ರಾಮ್ ವೈರ್‌ಶಾರ್ಕ್ ಮೊದಲೇ ಇತ್ತು. ಸೆಕೆಂಡ್ ಹ್ಯಾಂಡ್ ಯಂತ್ರ ಅದು, ಹಿಂದಿನವರು ಯಾರೋ ಹಾಕಿ ಬಿಟ್ಟಿದ್ದರು. ಸರಿ, ಒಳ್ಳೇದೇ ಆಯಿತು ಅಂದುಕೊಂಡು ತೆರೆದೆ, ಪಟ್ಟಿಯಲ್ಲಿ ಈಥರ್ನೆಟ್ ಆರಿಸಿದೆ, ಶುರು ಮಾಡಿದೆ. ಪ್ಯಾಕೆಟ್‌ಗಳು ಧಾರಾಳವಾಗಿ ಬಂದವು. ರೌಟರ್ ಯಾರ‍್ಯಾರು ಇದ್ದೀರಿ ಅಂತ ಕೇಳುವ ಎಆರ್‌ಪಿ, ಪ್ರಿಂಟರ್ ತನ್ನ ಹೆಸರು ಸಾರಿಕೊಳ್ಳುವ ಎಂಡಿಎನ್ಎಸ್, ಇಂಥವೇ. ಬಟನ್ ಒತ್ತಿದೆವು. 5020 ಅಂತ ಫಿಲ್ಟರ್ ಹಾಕಿದೆ. ಒಂದೂ ಇಲ್ಲ. ಮತ್ತೆ ಒತ್ತಿದೆವು. ತೂಕ ಬಂತು, ಚೀಟಿ ಬಂತು, ಪ್ಯಾಕೆಟ್ ಮಾತ್ರ ಬರಲಿಲ್ಲ.

ಇಲ್ಲಿ ಸುಮಾರು ಒಂದು ಗಂಟೆ ಹೋಯಿತು. ಫಿಲ್ಟರ್ ತಪ್ಪಾಗಿದೆಯೇನೋ ಅಂತ ಅದನ್ನು ತೆಗೆದು ಸಾವಿರಾರು ಸಾಲಿನಲ್ಲಿ ಕಣ್ಣಿನಿಂದಲೇ ಹುಡುಕಿದೆ, ಬೇರೆಯವರಿಗೆ ಹೋಗುವ ಪ್ಯಾಕೆಟ್‌ಗಳನ್ನೂ ಹಿಡಿಯುವ ಪ್ರಾಮಿಸ್ಕ್ಯುವಸ್ ಮೋಡ್ ತೆಗೆದು ಹಾಕಿ ನೋಡಿದೆ, ಪೋರ್ಟ್ ನಂಬರ್ ಬೇರೆ ಇರಬಹುದಾ ಅಂತ ಸೆಟ್ಟಿಂಗ್ಸ್ ಇನ್ನೊಮ್ಮೆ ತೆರೆದೆ. ಬೇರೆ ಪ್ಯಾಕೆಟ್‌ಗಳು ಬರುತ್ತಾ ಇದ್ದದ್ದರಿಂದ ಕ್ಯಾಪ್ಚರ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ನಂಬಿಬಿಟ್ಟಿದ್ದೆ.

ಕೊನೆಗೆ ಒಂದು ಸರಳ ಪರೀಕ್ಷೆ ಮಾಡಿದೆ. ಈಥರ್ನೆಟ್ ಮೇಲೆ ಕ್ಯಾಪ್ಚರ್ ಓಡುತ್ತಿರುವಾಗಲೇ ಕಮಾಂಡ್ ಪ್ರಾಂಪ್ಟ್‌ನಿಂದ ರೌಟರ್‌ಗೆ ಪಿಂಗ್, ಅಂದರೆ ‘ಇದ್ದೀಯಾ’ ಅಂತ ಕೇಳುವ ಪ್ಯಾಕೆಟ್, ಕಳಿಸಿದೆ. ವೈರ್‌ಶಾರ್ಕ್‌ನಲ್ಲಿ 8 ಪಿಂಗ್ (ಐಸಿಎಂಪಿ) ಪ್ಯಾಕೆಟ್ ಕಂಡವು. ಹೋದದ್ದು 4, ಬಂದದ್ದು 4. ಆಮೇಲೆ ಅದೇ ಕಂಪ್ಯೂಟರಿನ ಸ್ವಂತ ವಿಳಾಸಕ್ಕೆ, 192.168.1.10ಕ್ಕೆ, ಪಿಂಗ್ ಕಳಿಸಿದೆ. ಪ್ರಾಂಪ್ಟ್‌ನಲ್ಲಿ ನಾಲ್ಕೂ ಉತ್ತರ ಬಂತು. ವೈರ್‌ಶಾರ್ಕ್‌ನಲ್ಲಿ ಸೊನ್ನೆ.

ಆಗ ತಲೆಗೆ ಹೋಯಿತು. ಅಡುಗೆಮನೆಯಿಂದ ನಡುಮನೆಗೆ ಊಟದ ತಟ್ಟೆ ತರುವುದಕ್ಕೆ ಯಾರೂ ಬೀದಿಗೆ ಇಳಿದು ಮುಂಬಾಗಿಲಿನಿಂದ ಬರುವುದಿಲ್ಲ. ನಾನು ಗೇಟಿನ ಹತ್ತಿರ ನಿಂತು ಮನೆಯೊಳಗಿನ ಮಾತು ಕೇಳಿಸಲಿಲ್ಲ ಅಂತ ಕಿವಿ ತಿಕ್ಕಿಕೊಳ್ಳುತ್ತಿದ್ದೆ. ಒಂದೇ ಯಂತ್ರದ ಎರಡು ಪ್ರೋಗ್ರಾಮ್ ಮಾತಾಡಿದರೆ ಆ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡನ್ನು ಮುಟ್ಟುವುದೇ ಇಲ್ಲ. ವಿಳಾಸ 127.0.0.1, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಆಗಿದ್ದರೆ ಮಾತ್ರ ಹೀಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಸ್ವಂತ ಲ್ಯಾನ್ ವಿಳಾಸಕ್ಕೆ ಕಳಿಸಿದರೂ ಆಪರೇಟಿಂಗ್ ಸಿಸ್ಟಮ್ ‘ಇದು ನಾನೇ ಅಲ್ವಾ’ ಅಂತ ಗುರುತಿಸಿ ಒಳಗಿಂದೊಳಗೇ ತಿರುಗಿಸಿಬಿಡುತ್ತದೆ. ಆ ಒಳದಾರಿಯ ಹೆಸರೇ ಲೂಪ್‌ಬ್ಯಾಕ್. ಲಿನಕ್ಸ್‌ನಲ್ಲಿ ಅದಕ್ಕೆ ‘ಎಲ್ಒ’ ಅನ್ನುವ ಇಂಟರ್‌ಫೇಸ್ ಇದೆ, ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಕಮಾಂಡಿಗೆ ಅದರ ಹೆಸರು ಕೊಟ್ಟರೆ ಸಾಕು, ಎಲ್ಲ ಕಾಣುತ್ತದೆ. ಮನೆಯಲ್ಲಿ ಲಿನಕ್ಸ್ ಬಳಸಿ ಬಳಸಿ ನನಗೆ ಅದೇ ರೂಢಿ. ಇಲ್ಲಿದ್ದದ್ದು ವಿಂಡೋಸ್ 10. ವೈರ್‌ಶಾರ್ಕ್ ಪಟ್ಟಿಯಲ್ಲಿ ಲೂಪ್‌ಬ್ಯಾಕ್ ಅನ್ನುವ ಹೆಸರೇ ಇರಲಿಲ್ಲ.

ಯಾಕಿಲ್ಲ? ಹೆಲ್ಪ್ ಮೆನುವಿನ ಅಬೌಟ್ ತೆರೆದು ನೋಡಿದೆ. ವೈರ್‌ಶಾರ್ಕ್ 2.6, ಜೊತೆಗೆ ವಿನ್‌ಪಿಕ್ಯಾಪ್ 4.1.3. ಅಲ್ಲಿತ್ತು ಕಾರಣ.

ಸ್ವಲ್ಪ ಹಿನ್ನೆಲೆ ಹೇಳಬೇಕು. ವೈರ್‌ಶಾರ್ಕ್ ತಾನಾಗಿ ಪ್ಯಾಕೆಟ್ ಹಿಡಿಯುವುದಿಲ್ಲ. ಅದು ತೋರಿಸುವ, ಬಿಡಿಸಿ ಹೇಳುವ ಪ್ರೋಗ್ರಾಮ್. 1998ರಲ್ಲಿ ಈಥೀರಿಯಲ್ ಅನ್ನುವ ಹೆಸರಿನಲ್ಲಿ ಬಂತು, 2006ರಲ್ಲಿ ಹೆಸರು ವೈರ್‌ಶಾರ್ಕ್ ಆಯಿತು. ಪ್ಯಾಕೆಟ್ ಹಿಡಿಯಲು ಕೆಳಗೆ ಒಂದು ಡ್ರೈವರ್ ಬೇಕು. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಆ ಕೆಲಸ ಮಾಡಿದ್ದು ವಿನ್‌ಪಿಕ್ಯಾಪ್. ಅದು ನೆಟ್‌ವರ್ಕ್ ಕಾರ್ಡ್‌ಗಳ ಮೇಲೆ ಕೂತು ಕೇಳುತ್ತದೆ. ವಿಂಡೋಸ್‌ನ ಲೂಪ್‌ಬ್ಯಾಕ್ ಕಾರ್ಡ್‌ಗಳ ಆ ಮಟ್ಟಕ್ಕೆ ಇಳಿಯುವುದೇ ಇಲ್ಲವಲ್ಲ, ಹಾಗಾಗಿ ಪಾಪ ಅದಕ್ಕೆ ಏನೂ ಕೇಳಿಸುವುದಿಲ್ಲ. 4.1.3 ಬಂದದ್ದು 2013ರಲ್ಲಿ, ಅದೇ ಕೊನೆ. ಅದರ ಜಾಗಕ್ಕೆ ಎನ್‌ಮ್ಯಾಪ್ ಅನ್ನುವ ನೆಟ್‌ವರ್ಕ್ ಪ್ರೋಗ್ರಾಮಿನ ತಂಡದವರು ಎನ್‌ಪಿಕ್ಯಾಪ್ ಮಾಡಿದರು. ಅದು ವಿಂಡೋಸ್ ಫಿಲ್ಟರಿಂಗ್ ಪ್ಲಾಟ್‌ಫಾರ್ಮ್ ಅನ್ನುವ ಇನ್ನೊಂದು ಬಾಗಿಲಿನಿಂದ ಲೂಪ್‌ಬ್ಯಾಕ್ ಪ್ಯಾಕೆಟ್‌ಗಳನ್ನೂ ಹಿಡಿಯುತ್ತದೆ. ವೈರ್‌ಶಾರ್ಕ್ ಇನ್‌ಸ್ಟಾಲರ್ 2019ರ 3.0 ಆವೃತ್ತಿಯಿಂದ ಎನ್‌ಪಿಕ್ಯಾಪನ್ನೇ ಜೊತೆಗೆ ಕೊಡುತ್ತಿದೆ. ಅಂದರೆ ನನ್ನ ಮುಂದಿದ್ದದ್ದು ಒಂದು ಹೆಜ್ಜೆ ಹಳೆಯದು.

ಹಳೆಯದನ್ನು ತೆಗೆಯುವಾಗ ಒಂದು ಎಚ್ಚರ ಬೇಕು. ವೈರ್‌ಶಾರ್ಕ್ ತೆಗೆದರೆ ವಿನ್‌ಪಿಕ್ಯಾಪ್ ತಾನಾಗಿ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ತೆಗೆದ ಮೇಲೂ ಸಿಸ್ಟಮ್32 ಫೋಲ್ಡರಿನಲ್ಲಿ ಪ್ಯಾಕೆಟ್ ಮತ್ತು ಡಬ್ಲ್ಯುಪಿಕ್ಯಾಪ್ ಅನ್ನುವ ಎರಡು ಡಿಎಲ್ಎಲ್ ಫೈಲ್ ಉಳಿದಿವೆಯಾ ಅಂತ ನೋಡಿ. ಇಲ್ಲಿ ಉಳಿದಿದ್ದವು. ಹಾಗೇ ಬಿಟ್ಟಿದ್ದರೆ ಹೊಸ ಡ್ರೈವರ್ ಹಾಕಿದ ಮೇಲೂ ಯಾವುದಾದರೂ ಪ್ರೋಗ್ರಾಮ್ ಹಳೆಯದನ್ನೇ ಎತ್ತಿಕೊಳ್ಳಬಹುದಿತ್ತು. ಅಳಿಸದೆ ಹೆಸರು ಬದಲಿಸಿ ಇಟ್ಟೆ, ಬೇಕಾದರೆ ವಾಪಸ್ ತರಬಹುದು ಅಂತ. ಯಂತ್ರ ರೀಸ್ಟಾರ್ಟ್ ಮಾಡಿ ಹೊಸ ವೈರ್‌ಶಾರ್ಕ್ ಮತ್ತು ಎನ್‌ಪಿಕ್ಯಾಪ್ ಹಾಕಿದೆ. ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ ಪ್ಯಾಕೆಟ್ ಹಿಡಿಯಲು ಬಿಡು ಅನ್ನುವ ಆಯ್ಕೆಗೆ ಟಿಕ್ ಹಾಕಿದೆ. ದಿನವಿಡೀ ನಾಲ್ಕಾರು ಜನ ಮುಟ್ಟುವ ಯಂತ್ರ ಅದು, ಅಲ್ಲಿ ಹಾಗಿರುವುದೇ ಸರಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬರೀ ಇಂಡಿಕೇಟರ್‌ಗೆ. ಹೊರಗೆ ಟೀ ಕುಡಿಯುತ್ತಾ ನಿಂತೆವು. ಹತ್ತಿರದ ಆಲೆಮನೆಯ ಕೊಪ್ಪರಿಗೆಯಿಂದ ಪಾಕ ಕಾಯುವ ವಾಸನೆ ಗಾಳಿಯಲ್ಲಿ ಬರುತ್ತಿತ್ತು.

ಕರೆಂಟ್ ಬಂದ ಮೇಲೆ ವೈರ್‌ಶಾರ್ಕ್ ತೆರೆದರೆ ಪಟ್ಟಿಯಲ್ಲಿ ಹೊಸ ಸಾಲು: ‘ಅಡಾಪ್ಟರ್ ಫಾರ್ ಲೂಪ್‌ಬ್ಯಾಕ್ ಟ್ರಾಫಿಕ್ ಕ್ಯಾಪ್ಚರ್’. ಅದರ ಪಕ್ಕದ ಪುಟ್ಟ ಗೆರೆ ಏಳುತ್ತಾ ಬೀಳುತ್ತಾ ಇತ್ತು. ಏನೋ ಸಂತೋಷ ಆಯಿತು. ಒಳಗೆ ಬೇರೆ ಬೇರೆ ಪ್ರೋಗ್ರಾಮ್‌ಗಳು ತಮ್ಮತಮ್ಮಲ್ಲೇ ಜಾಸ್ತಿ ಮಾತಾಡಿಕೊಳ್ಳುತ್ತವೆ, ಆ ಗದ್ದಲ ಬೇಡ ಅಂತ ಕ್ಯಾಪ್ಚರ್ ಫಿಲ್ಟರ್ ಜಾಗದಲ್ಲಿ ‘ಹೋಸ್ಟ್ 127.0.0.1’ ಮತ್ತು ಪೋರ್ಟ್ 5020 ಅಂತ ಬರೆದೆ. ಶುರು ಮಾಡಿ ಬಟನ್ ಒತ್ತಿಸಿದೆ.

ಈ ಸಲ ಬಂತು. ಮೊದಲು ಕನೆಕ್ಷನ್ ತೆರೆಯುವ ಮೂರು ಪ್ಯಾಕೆಟ್: ಸಿನ್, ಸಿನ್-ಆ್ಯಕ್, ಆ್ಯಕ್. ಆಮೇಲೆ ಬಿಲ್ಲಿಂಗ್ ಪ್ರೋಗ್ರಾಮಿನ ಪ್ರಶ್ನೆ, ಸರ್ವಿಸ್‌ನ ಉತ್ತರ. ಉತ್ತರದ ಸಾಲನ್ನು ಹಾಗೇ ಓದಬಹುದಿತ್ತು: ಎಸ್‌ಟಿ, ಜಿಎಸ್, ಪ್ಲಸ್ 14260 ಕೆಜಿ. ಎಸ್‌ಟಿ ಅಂದರೆ ತೂಕ ನಿಂತಿದೆ, ಅಲುಗಾಡುತ್ತಿಲ್ಲ. ಜಿಎಸ್ ಅಂದರೆ ಗ್ರಾಸ್, ಗಾಡಿಯೂ ಸೇರಿದ ಒಟ್ಟು ತೂಕ. ಹೊರಗೆ ನಿಂತಿದ್ದ ಟ್ರ್ಯಾಕ್ಟರಿನ ತೂಕ ಬಿಳಿ ಪರದೆ ಮೇಲೆ ಹೀಗೆ ಬೈಟ್ ಬೈಟ್ ಆಗಿ ಕಾಣುವುದನ್ನು ಗೆಳೆಯ ಬಗ್ಗಿ ನೋಡಿದ.

ಆದರೆ ಒಂದು ವಿಚಿತ್ರ. ಮೊದಲ ಸಿನ್‌ನಿಂದ ತೂಕದ ಉತ್ತರದವರೆಗೆ ಆದದ್ದು 15 ಮಿಲಿಸೆಕೆಂಡ್. ಎಲ್ಲ ಸರಿಯಾಗಿದೆ! ಹಾಗಾದರೆ 2 ಸೆಕೆಂಡ್ ಎಲ್ಲಿ? ಪರದೆ ನಿಂತದ್ದು ಸುಳ್ಳಲ್ಲ, ವಿಡಿಯೋದಲ್ಲಿದೆ. ಇನ್ನೊಮ್ಮೆ ಫೋನ್ ಹಿಡಿದು, ಬಟನ್ ಮತ್ತು ವೈರ್‌ಶಾರ್ಕ್ ಎರಡೂ ಒಟ್ಟಿಗೆ ಕಾಣುವ ಹಾಗೆ ವಿಡಿಯೋ ತೆಗೆದೆ. ಬಟನ್ ಒತ್ತಿದ ಮೇಲೆ 2 ಸೆಕೆಂಡ್ ಏನೂ ಇಲ್ಲ. ಆಮೇಲೆ ಎಲ್ಲ ಪ್ಯಾಕೆಟ್‌ಗಳೂ ಒಂದೇ ಉಸಿರಿಗೆ.

ಗೆಳೆಯ ಹೇಳಿದ, ‘ಹಾಗಾದ್ರೆ ಪ್ರೋಗ್ರಾಮೇ ಸುಮ್ನೆ ಕೂತಿರುತ್ತೆ, ನೆಟ್‌ವರ್ಕ್ ಅಲ್ಲ.’ ನನಗೂ ಹಾಗೇ ಅನ್ನಿಸಿತು. ಇಲ್ಲಿಗೆ ನಿಲ್ಲಿಸಿ, ಪ್ರೋಗ್ರಾಮ್ ಮಾಡಿದವರ ಮೇಲೆ ಹಾಕಿ, ರೈಲು ಹತ್ತುವವನಿದ್ದೆ.

ಹೊರಡುವ ಮೊದಲು ಅಭ್ಯಾಸ ಬಲದಿಂದ ‘ಪಿಂಗ್ ಲೋಕಲ್‌ಹೋಸ್ಟ್’ ಅಂತ ಒಂದು ಕಮಾಂಡ್ ಹೊಡೆದೆ. ಲೋಕಲ್‌ಹೋಸ್ಟ್ ಅಂದರೆ ‘ಈ ಯಂತ್ರವೇ’ ಅನ್ನುವ ಹೆಸರು. ಉತ್ತರ 127.0.0.1ರಿಂದ ಬರಲಿಲ್ಲ. ‘::1’ರಿಂದ ಬಂತು.

ಎರಡು ಚುಕ್ಕಿಜೋಡಿ ಮತ್ತು ಒಂದು. ವಿಳಾಸ ಬರೆಯುವ ಹೊಸ ಪದ್ಧತಿಯಾದ ಐಪಿವಿ6ನಲ್ಲಿ ‘ನಾನೇ’ ಅನ್ನುವುದಕ್ಕೆ ಇರುವ ವಿಳಾಸ ಅದು. ಹಳೆಯ ಐಪಿವಿ4ನಲ್ಲಿ 127ರಿಂದ ಶುರುವಾಗುವ ಅಷ್ಟೂ ವಿಳಾಸ ಲೂಪ್‌ಬ್ಯಾಕ್‌ಗೆ ಮೀಸಲು, ಐಪಿವಿ6ನಲ್ಲಿ ಇದೊಂದೇ. ಬಿಲ್ಲಿಂಗ್ ಪ್ರೋಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ ‘ಸರ್ವರ್ ಹೆಸರು’ ಅನ್ನುವ ಜಾಗದಲ್ಲಿ ಏನಿತ್ತು ಗೊತ್ತಾ? ‘ಲೋಕಲ್‌ಹೋಸ್ಟ್’. ಮತ್ತೆ ನಾನು ಹಾಕಿದ್ದ ಫಿಲ್ಟರ್? 127.0.0.1 ಇರುವ ಪ್ಯಾಕೆಟ್ ಮಾತ್ರ ಹಿಡಿ ಅಂತ. ಅಂದರೆ ::1ಗೆ ಹೋದದ್ದು ಏನಾದರೂ ಇದ್ದರೆ ಅದನ್ನು ನಾನೇ ಹೊರಗೆ ತಳ್ಳಿದ್ದೆ. ಕ್ಯಾಪ್ಚರ್ ಫಿಲ್ಟರಿನ ಅಪಾಯ ಇದೇ. ಡಿಸ್‌ಪ್ಲೇ ಫಿಲ್ಟರ್ ಆದರೆ ಬರೀ ಮರೆಮಾಡುತ್ತದೆ, ತೆಗೆದರೆ ಎಲ್ಲ ವಾಪಸ್ ಕಾಣುತ್ತದೆ. ಕ್ಯಾಪ್ಚರ್ ಫಿಲ್ಟರ್ ಬಿಟ್ಟದ್ದು ಹೋಯಿತು, ಆಮೇಲೆ ಎಷ್ಟು ಹುಡುಕಿದರೂ ಫೈಲಿನಲ್ಲಿ ಸಿಗುವುದಿಲ್ಲ. ಇನ್ನು ಮೇಲೆ ನಾನು ಇಂಥ ಕೆಲಸದಲ್ಲಿ ಕ್ಯಾಪ್ಚರ್ ಫಿಲ್ಟರಿನಲ್ಲಿ ವಿಳಾಸ ಬರೆಯುವುದಿಲ್ಲ. ‘ಟಿಸಿಪಿ ಪೋರ್ಟ್ 5020’, ಅಷ್ಟೇ. ಅದು ಐಪಿವಿ4, ಐಪಿವಿ6 ಎರಡನ್ನೂ ಹಿಡಿಯುತ್ತದೆ.

ಫಿಲ್ಟರ್ ಬದಲಿಸಿ ಬಟನ್ ಒತ್ತಿಸಿದೆ. ಪರದೆ ಮೇಲೆ ಕೆಂಪು ಸಾಲು, ಕಪ್ಪು ಸಾಲು, ಕೆಂಪು ಸಾಲು, ಕಪ್ಪು ಸಾಲು.

ಅದನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇಡೀ ರೋಗ ಇಲ್ಲೇ ಇದೆ. ಸಮಯ 0: ಬಿಲ್ಲಿಂಗ್ ಪ್ರೋಗ್ರಾಮಿನಿಂದ ::1ರ 5020ಕ್ಕೆ ಒಂದು ಸಿನ್. ಅಂದರೆ ‘ಬಾಗಿಲು ತೆಗಿ’. ತಕ್ಷಣ ಉತ್ತರ: ರೀಸೆಟ್, ಕೆಂಪು ಸಾಲು. ‘ಇಲ್ಲಿ ಯಾರೂ ಇಲ್ಲ.’ ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅರ್ಧ ಸೆಕೆಂಡ್ ಬಿಟ್ಟು ಅದೇ ಸೋರ್ಸ್ ಪೋರ್ಟ್‌ನಿಂದ ಅದೇ ಸಿನ್ ಮತ್ತೊಮ್ಮೆ, ವೈರ್‌ಶಾರ್ಕ್ ಅದನ್ನು ಕಪ್ಪು ಬಣ್ಣದಲ್ಲಿ ‘ಟಿಸಿಪಿ ರಿಟ್ರಾನ್ಸ್‌ಮಿಷನ್’ ಅಂತ ತೋರಿಸುತ್ತದೆ. ಮತ್ತೆ ರೀಸೆಟ್. ಒಂದು ಸೆಕೆಂಡಿಗೆ ಇನ್ನೊಂದು ಸಿನ್, ಒಂದೂವರೆಗೆ ಇನ್ನೊಂದು, ಎರಡಕ್ಕೆ ಇನ್ನೊಂದು. ಒಟ್ಟು 5 ಸಿನ್, 5 ರೀಸೆಟ್. ಐದನೇ ಸಲ ಬೇಡ ಅನ್ನಿಸಿಕೊಂಡ ಮೇಲೆ ಪ್ರೋಗ್ರಾಮ್ 127.0.0.1ಕ್ಕೆ ಹೋಗುತ್ತದೆ. ಅಲ್ಲಿ ಮೊದಲ ತಟ್ಟಿಗೇ ಬಾಗಿಲು ತೆರೆಯುತ್ತದೆ, 15 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ನಾನು ಹಿಂದಿನ ಕ್ಯಾಪ್ಚರ್‌ನಲ್ಲಿ ನೋಡಿದ್ದು ಈ ಕೊನೆಯ ತುಂಡು ಮಾತ್ರ.

ಇಲ್ಲವೇ ಇಲ್ಲ ಅಂತ ಸ್ಪಷ್ಟವಾಗಿ ರೀಸೆಟ್ ಬಂದರೂ ಮತ್ತೆ ಮತ್ತೆ ತಟ್ಟುವುದು ವಿಂಡೋಸ್ ಟಿಸಿಪಿಯ ಸ್ವಭಾವ. ಲಿನಕ್ಸ್ ಮೊದಲ ರೀಸೆಟ್‌ಗೇ ‘ಕನೆಕ್ಷನ್ ರಿಫ್ಯೂಸ್ಡ್’ ಅಂತ ಪ್ರೋಗ್ರಾಮಿಗೆ ಹೇಳಿಬಿಡುತ್ತದೆ. ಹಾಗಾಗಿ ಇದೇ ತಪ್ಪು ಲಿನಕ್ಸ್‌ನಲ್ಲಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಮಿಲಿಸೆಕೆಂಡ್ ಕೂಡ ನಷ್ಟ ಇಲ್ಲ. ವಿಂಡೋಸ್‌ನಲ್ಲಿ ‘ನೆಟ್‌ಎಸ್ಎಚ್’ ಕಮಾಂಡಿನಿಂದ ಟಿಸಿಪಿಯ ಗ್ಲೋಬಲ್ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಸಿನ್ ಎಷ್ಟು ಸಲ ಮತ್ತೆ ಕಳಿಸಬಹುದು ಅನ್ನುವ ಅಂಕಿ ಸಿಗುತ್ತದೆ. ಈ ಯಂತ್ರದಲ್ಲಿ 4 ಅಂತ ಇತ್ತು. ಮೊದಲನೆಯದು ಒಂದು, ಮತ್ತೆ ಕಳಿಸಿದ್ದು ನಾಲ್ಕು, ಒಟ್ಟು ಐದು. ಅರ್ಧ ಸೆಕೆಂಡಿನ ನಾಲ್ಕು ಅಂತರ, 2 ಸೆಕೆಂಡ್. ಮೊಬೈಲ್ ವಿಡಿಯೋದ ಲೆಕ್ಕಕ್ಕೂ ಪ್ಯಾಕೆಟ್‌ಗಳ ಲೆಕ್ಕಕ್ಕೂ ತಾಳೆ ಬಿತ್ತು.

ಆ ಪ್ಯಾಕೆಟ್‌ಗಳನ್ನು ಇನ್ನೂ ಸ್ವಲ್ಪ ಹೊತ್ತು ಬಿಡಿಸಿ ನೋಡಿದೆ. ಲೂಪ್‌ಬ್ಯಾಕ್ ಕ್ಯಾಪ್ಚರ್ ಮೊದಲ ಸಲ ನೋಡುವವರಿಗೆ ಕೆಲವು ವಿಷಯ ತಪ್ಪು ಅನ್ನಿಸಬಹುದು, ಅವು ತಪ್ಪಲ್ಲ. ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ಇರುವುದಿಲ್ಲ. ಈಥರ್ನೆಟ್‌ನ 14 ಬೈಟ್ ಹೆಡರ್ (ಪ್ಯಾಕೆಟ್ ಮುಂದಿನ ವಿಳಾಸದ ಭಾಗ) ಜಾಗದಲ್ಲಿ ‘ನಲ್/ಲೂಪ್‌ಬ್ಯಾಕ್’ ಅಂತ 4 ಬೈಟ್ ಮಾತ್ರ ಇರುತ್ತದೆ, ಒಳಗೆ ಐಪಿವಿ4 ಇದ್ದರೆ ಅದರ ಬೆಲೆ 2. ಸಿನ್‌ನಲ್ಲಿ ಎಂಎಸ್ಎಸ್ ಅಂತ ಒಂದು ಅಂಕಿ ಇರುತ್ತದೆ, ಒಂದು ಸಲಕ್ಕೆ ಎಷ್ಟು ಬೈಟ್ ತಗೋಬಲ್ಲೆ ಅಂತ. ಈಥರ್ನೆಟ್‌ನಲ್ಲಿ ಅದು ಸಾಮಾನ್ಯವಾಗಿ 1460. ಇಲ್ಲಿ 127.0.0.1ಕ್ಕೆ ಹೋದ ಸಿನ್‌ನಲ್ಲಿ 65495, ::1ಕ್ಕೆ ಹೋದದ್ದರಲ್ಲಿ 65475. ಐಪಿವಿ6 ಹೆಡರ್ 40 ಬೈಟ್, ಐಪಿವಿ4ದು 20, ಆ 20ರ ವ್ಯತ್ಯಾಸ ಇಲ್ಲಿ ಕಾಣುತ್ತಿದೆ. ತಂತಿಯೇ ಇಲ್ಲದ ದಾರಿ ಆದ್ದರಿಂದ ತುಂಡು ಇಷ್ಟು ದೊಡ್ಡದಿರಬಹುದು.

ಈಗ ಎರಡು ಪ್ರಶ್ನೆ ಉಳಿದವು. ::1ರಲ್ಲಿ ಯಾಕೆ ಯಾರೂ ಇರಲಿಲ್ಲ? ಯಾವ ಪೋರ್ಟ್‌ನಲ್ಲಿ ಯಾರು ಕೇಳುತ್ತಿದ್ದಾರೆ ಅಂತ ತೋರಿಸುವ ‘ನೆಟ್‌ಸ್ಟ್ಯಾಟ್ -ಎಎನ್ಒ’ ಹೊಡೆದು 5020 ಹುಡುಕಿದೆ. ಲಿಸನಿಂಗ್ ಅಂತ ಒಂದೇ ಸಾಲು, 127.0.0.1:5020. ಐಪಿವಿ6ನಲ್ಲೂ ಕೇಳುತ್ತಿದ್ದರೆ ಚೌಕ ಬ್ರಾಕೆಟ್ ಒಳಗೆ ::1 ಇರುವ ಇನ್ನೊಂದು ಸಾಲು ಇರಬೇಕಿತ್ತು. ಸರ್ವಿಸ್ ಬರೆದವರು ಐಪಿವಿ4 ಮಾತ್ರ ಯೋಚಿಸಿದ್ದಾರೆ, ಬಿಲ್ಲಿಂಗ್ ಬರೆದವರು ಹೆಸರನ್ನು ಬಳಸಿದ್ದಾರೆ. ಒಬ್ಬರದೂ ಪೂರ್ತಿ ತಪ್ಪಲ್ಲ, ಎರಡೂ ಸೇರಿದಾಗ ತೊಂದರೆ. ಖಚಿತ ಮಾಡಿಕೊಳ್ಳಲು, ಕೊಟ್ಟ ವಿಳಾಸಕ್ಕೆ ಕನೆಕ್ಟ್ ಆಗಿ ನೋಡುವ ‘ಕರ್ಲ್ -ವಿ’ ಕೂಡ ಓಡಿಸಿದೆ. ಲೋಕಲ್‌ಹೋಸ್ಟ್ ಅಂತ ಕೊಟ್ಟರೆ ಅದು ಮೊದಲು ::1 ಪ್ರಯತ್ನಿಸಿತು, ಕಣ್ಣು ಮಿಟುಕಿಸುವಷ್ಟರಲ್ಲಿ 127.0.0.1ಕ್ಕೆ ಹೋಗಿ ಕನೆಕ್ಟ್ ಆಯಿತು. ಕರ್ಲ್ ಜಾಣ. ಒಂದು ವಿಳಾಸ 200 ಮಿಲಿಸೆಕೆಂಡಿನಲ್ಲಿ ಆಗದಿದ್ದರೆ ಕಾಯುತ್ತಾ ಕೂರದೆ ಪಕ್ಕದಲ್ಲೇ ಇನ್ನೊಂದನ್ನೂ ಶುರು ಮಾಡುತ್ತದೆ. ಬ್ರೌಸರ್‌ಗಳೂ ಇದೇ ಥರ ಮಾಡುತ್ತವೆ. ಹಾಗಾಗಿ ‘ಬ್ರೌಸರಿನಲ್ಲಿ ಬೇಗ ಬರುತ್ತೆ, ಪ್ರೋಗ್ರಾಮಿನಲ್ಲಿ ಮಾತ್ರ ತಡ’ ಅಂತ ಯಾರಾದರೂ ಹೇಳಿದರೆ ನನಗೆ ಇನ್ನು ಮೊದಲು ನೆನಪಾಗುವುದು ಇದೇ.

ಎರಡನೇ ಪ್ರಶ್ನೆ ಗೆಳೆಯ ಕೇಳಿದ. ಹಿಂದಿನ ಕಂಪ್ಯೂಟರಿನಲ್ಲಿ ಇದೇ ಎರಡು ಪ್ರೋಗ್ರಾಮ್, ಇದೇ ಸೆಟ್ಟಿಂಗ್ಸ್ ಇದ್ದವು, ನಾಲ್ಕು ವರ್ಷ ಒಂದು ದಿನವೂ ನಿಂತಿರಲಿಲ್ಲವಲ್ಲ ಅಂತ. ಮಳೆಗಾಲದಲ್ಲಿ ಸಿಡಿಲು ಬಡಿದು ಅದರ ಮದರ್‌ಬೋರ್ಡ್ ಹೋಗಿತ್ತು, ಆದರೆ ಡಿಸ್ಕ್ ಮೇಜಿನ ಡ್ರಾಯರ್‌ನಲ್ಲಿತ್ತು. ಸಾಟಾ ಅಡಾಪ್ಟರ್‌ಗೆ ಸಿಕ್ಕಿಸಿ ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ವಿಂಡೋಸ್ 7. ಸಿಸ್ಟಮ್32 ಒಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅಲ್ಲಿ ಹೋಸ್ಟ್ಸ್ ಫೈಲ್, ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡುವ ಜಾಗ. ಕೊನೆಯಲ್ಲಿ ಒಂದು ಸಾಲು, ಮುಂದೆ ಹ್ಯಾಶ್ ಗುರುತಿಲ್ಲದೆ: 127.0.0.1 ಲೋಕಲ್‌ಹೋಸ್ಟ್. ಯಾರೋ ಯಾವತ್ತೋ ಸೇರಿಸಿದ್ದರು. ಈಗಿನ ಯಂತ್ರದ ಅದೇ ಫೈಲಿನಲ್ಲಿ ಆ ಸಾಲೂ ::1ರ ಸಾಲೂ ಹ್ಯಾಶ್ ಹಾಕಿ ನಿಷ್ಕ್ರಿಯವಾಗಿವೆ. ಮೇಲೆ ಮೈಕ್ರೋಸಾಫ್ಟ್‌ನದೇ ಟಿಪ್ಪಣಿ, ಲೋಕಲ್‌ಹೋಸ್ಟ್ ಹೆಸರನ್ನು ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್ ಭಾಗವೇ ನೋಡಿಕೊಳ್ಳುತ್ತದೆ ಅಂತ. ಅದು ನೋಡಿಕೊಂಡಾಗ ::1 ಮೊದಲು ಬರುತ್ತದೆ, 127.0.0.1 ಆಮೇಲೆ. ಹಳೆಯ ಯಂತ್ರದಲ್ಲಿ ಆ ಒಂದು ಸಾಲು ಯಾರಿಗೂ ಗೊತ್ತಿಲ್ಲದೆ ನಾಲ್ಕು ವರ್ಷ ಕಾಪಾಡಿತ್ತು.

ಹೋಸ್ಟ್ಸ್ ಫೈಲಿಗೆ ಅದೇ ಸಾಲು ಸೇರಿಸಿದರೂ ಸರಿಹೋಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮುಂದಿನ ಸಲ ಯಂತ್ರ ಬದಲಾದಾಗ ಮತ್ತೆ ಇದೇ ಪಾಡು ಆಗುತ್ತದೆ. ಐಪಿವಿ6 ಪೂರ್ತಿ ಆಫ್ ಮಾಡಿ ಅಂತಲೂ ಕೆಲವರು ಹೇಳುತ್ತಾರೆ, ಅದು ಕಾಲಿಗೆ ಮುಳ್ಳು ಚುಚ್ಚಿದರೆ ಕಾಲನ್ನೇ ಕಟ್ಟಿಹಾಕಿದ ಹಾಗೆ. ಬಿಲ್ಲಿಂಗ್ ಪ್ರೋಗ್ರಾಮಿನ ಸೆಟ್ಟಿಂಗ್ಸ್‌ನಲ್ಲಿ ‘ಲೋಕಲ್‌ಹೋಸ್ಟ್’ ಅಳಿಸಿ 127.0.0.1 ಬರೆದೆ. ಆ ಫೈಲ್ ಪ್ರೋಗ್ರಾಮ್ ಫೈಲ್ಸ್ ಒಳಗಿದ್ದದ್ದರಿಂದ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಾಯಿತು. ಹಾಗೆ ತೆರೆಯದಿದ್ದರೆ ಸೇವ್ ಆಗುವುದಿಲ್ಲ.

ಕ್ಯಾಪ್ಚರ್ ಮತ್ತೆ ಶುರು, ಬಟನ್ ಮತ್ತೆ ಒತ್ತು. ಕೆಂಪಿಲ್ಲ, ಕಪ್ಪಿಲ್ಲ. ಸಿನ್, ಸಿನ್-ಆ್ಯಕ್, ಆ್ಯಕ್ ಮೂರೂ ಒಂದು ಮಿಲಿಸೆಕೆಂಡಿನೊಳಗೆ. ಒತ್ತಿದ ಕೈ ಮೇಲೆತ್ತುವ ಮೊದಲೇ ತೂಕ ಬಂತು. ಹುಡುಗ ಒಂದು ಕ್ಷಣ ಪರದೆ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಹತ್ತು ಸಲ ಒತ್ತಿ ಹತ್ತು ಸಲ ಅಳೆದೆವು. ಸರ್ವಿಸ್ ಕೊಟ್ಟವರಿಗೆ ಕ್ಯಾಪ್ಚರಿನ ಹತ್ತು ಸಾಲಿನ ಚಿತ್ರ ತೆಗೆದು ಕಳಿಸಿದೆ, ::1ರಲ್ಲೂ ಕೇಳುವ ಹಾಗೆ ಮಾಡಿ ಅಂತ. ಎರಡು ದಿನ ಬಿಟ್ಟು ‘ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇವೆ’ ಅಂತ ಉತ್ತರ ಬಂತು. ಎರಡು ಸಲ ಒತ್ತಿದರೆ ಎರಡು ಚೀಟಿ ಬರುವುದು ಬಿಲ್ಲಿಂಗ್ ಪ್ರೋಗ್ರಾಮಿನದೇ ಬೇರೆ ಕೊರತೆ. ಮೊದಲ ಉತ್ತರ ಬರುವವರೆಗೆ ಬಟನ್ ಮಂಕಾಗಿರಬೇಕು. ಅದನ್ನು ಆ ಪ್ರೋಗ್ರಾಮ್ ಕೊಟ್ಟವರಿಗೆ ಬೇರೆಯಾಗಿ ಬರೆದೆ.

ಕ್ಯಾಪ್ಚರ್ ಫೈಲ್‌ಗಳಲ್ಲಿ ಆ ದಿನ ಬಂದ ಗಾಡಿಗಳ ತೂಕವೆಲ್ಲ ಇತ್ತು. ಬೇರೆಯವರ ಲೆಕ್ಕ ಅದು, ನನ್ನ ಹತ್ತಿರ ಇರಬಾರದು. ಗೆಳೆಯನ ಮುಂದೆಯೇ ಎಲ್ಲ ಅಳಿಸಿದೆ. ಕಂಪ್ಯೂಟರ್ ಇಟ್ಟ ಕಬ್ಬಿಣದ ಕಪಾಟಿನ ಬಾಗಿಲ ಒಳಗೆ ಒಂದು ಬಿಳಿ ಕಾಗದ ಅಂಟಿಸಿ, ದಪ್ಪ ಮಾರ್ಕರ್‌ನಲ್ಲಿ ಬರೆದೆ: ‘ಸರ್ವರ್ ಹೆಸರು 127.0.0.1. ಲೋಕಲ್‌ಹೋಸ್ಟ್ ಅಂತ ಬದಲಿಸಬೇಡಿ.’ ಕೆಳಗೆ ತಾರೀಖು. ಅಷ್ಟೊತ್ತಿಗೆ ಹೊರಗೆ ಏಳು ಟ್ರ್ಯಾಕ್ಟರ್ ಸಾಲು ನಿಂತಿದ್ದವು.